ಕೋರ್ ತೆಗೆಯಲು ಯಾವ ಮಡ್? ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ಬಂಡೆಯ ಗುಣ ಕೆಡದೆ ಕೋರ್ ಕೈಗೆ ಬರಬೇಕು ಅಂದರೆ ನನ್ನ ಆಯ್ಕೆ ಸೌಮ್ಯ ಎಣ್ಣೆ ಮಡ್, ರಿಗ್ಗಿನಲ್ಲಿ ‘ಬ್ಲ್ಯಾಂಡ್ ಮಡ್’ ಅನ್ನುತ್ತೇವಲ್ಲ, ಅದು. ಕೋರ್ ಅಂದರೆ ಎಣ್ಣೆ ಬಾವಿಯ ಆಳದಿಂದ ಇಡಿಯಾಗಿ ಕೊರೆದು ತೆಗೆಯುವ ಬಂಡೆಯ ಕಂಬ, ಮಡ್ ಅಂದರೆ ಕೊರೆಯುವಾಗ ಬಾವಿಯೊಳಗೆ ಹರಿಸುವ ದ್ರವ. ಒಮಾನಿನ ಮರುಭೂಮಿಯಲ್ಲಿ ಒಂದೇ ಮರಳುಗಲ್ಲಿನ ಪದರ, ಮೂರು ಬಾವಿ, ಮೂರು ಬಗೆಯ ಮಡ್. ಬ್ಯಾರೆಲ್ಲಿನಿಂದ (ಕೋರ್ ಹಿಡಿದು ತರುವ ಕೊಳವೆಯಿಂದ) ಹೊರಬಂದ ಕೋರನ್ನು ಲ್ಯಾಬ್ ಮುಟ್ಟುವ ತನಕ ಕಾಯುವುದು ನನ್ನ ಕೆಲಸ. ಹಾಗಾಗಿ ಮೂರನ್ನೂ ಕೈಯಲ್ಲಿ ಹಿಡಿದು ನೋಡಿದ್ದೇನೆ.

ಕೋರಿನಿಂದ ನಾವು ಕೇಳುವುದು ಮುಖ್ಯವಾಗಿ ಎರಡು ಮಾತು. ಕಲ್ಲಿನ ರಂಧ್ರಗಳಲ್ಲಿ ನೀರೆಷ್ಟು, ಎಣ್ಣೆಯೆಷ್ಟು? ಕಲ್ಲಿನ ಮೈ ಹಚ್ಚಿಕೊಳ್ಳುವುದು ನೀರನ್ನೋ ಎಣ್ಣೆಯನ್ನೋ? ಎರಡನೆಯದು ತಪ್ಪಿದರೆ, ಕಲ್ಲಿನ ವಿದ್ಯುತ್ ರೋಧದಿಂದ ನೀರಿನ ಪ್ರಮಾಣ ಅಂದಾಜಿಸುವ 1942ರ ಆರ್ಚಿ ಸಮೀಕರಣಕ್ಕೆ ಹಾಕುವ ಘಾತಾಂಕವೇ ತಪ್ಪುತ್ತದೆ. ಮುಂದೆ ನೀರು ನುಗ್ಗಿಸಿ ಎಣ್ಣೆ ತೆಗೆಯುವ ಲೆಕ್ಕವೂ ಅದರ ಹಿಂದೆಯೇ ಹೋಗುತ್ತದೆ.

ಮೊದಲ ಬಾವಿಗೆ ನೀರಿನ ಮಡ್ ಹಾಕಿದ್ದೆವು. ಅಗ್ಗ, ತೊಳೆಯುವುದು ಸುಲಭ. ಆದರೆ ಅದರ ನೀರು ಕಲ್ಲಿನೊಳಗೆ ಇಳಿದು ಮೂಲ ನೀರಿನೊಂದಿಗೆ ಬೆರೆಯುತ್ತದೆ. ಎಷ್ಟು ಬೆರೆಯಿತು ಅಂತ ತಿಳಿಯಲು ಮಡ್‌ಗೆ ಭಾರಜಲ ಸೇರಿಸಿ, ಆಮೇಲೆ ಲ್ಯಾಬಿನಲ್ಲಿ ಅದನ್ನು ಅಳೆದು ಕಳೆಯಬೇಕು. ಜೇಡಿಯಿರುವ ಭಾಗ ನೀರು ಕುಡಿದು ಉಬ್ಬಿಯೂ ಇತ್ತು.

ಎರಡನೆಯದಕ್ಕೆ ಮಾಮೂಲಿ ಎಣ್ಣೆ ಮಡ್: ಡೀಸೆಲ್, ಅದರೊಳಗೆ ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪುನೀರಿನ ಸಣ್ಣ ಸಣ್ಣ ಹನಿಗಳು, ಸುಣ್ಣ, ಮತ್ತು ಹನಿಗಳು ಒಡೆಯದಂತೆ ಹಿಡಿದಿಡುವ ಎಮಲ್ಸಿಫೈಯರ್. ಇದರಿಂದ ಕಲ್ಲಿಗೆ ಇಳಿಯುವುದು ಎಣ್ಣೆ. ಅಲುಗದೆ ಕೂತ ಮೂಲ ನೀರು ಅಲ್ಲೇ ಉಳಿಯುತ್ತದೆ, ಟಾಲ್ವೀನ್ ಎಂಬ ದ್ರಾವಕದಲ್ಲಿ ಕುದಿಸಿ ಇಳಿಸಿದರೆ ಲೆಕ್ಕ ಸಿಗುತ್ತದೆ. (ಎಣ್ಣೆ ಮತ್ತು ನೀರಿನ ಗಡಿಯ ಹತ್ತಿರ ನೀರೂ ಹರಿದಾಡುತ್ತಿರುತ್ತದೆ. ಅಲ್ಲಿ ಈ ಲೆಕ್ಕ ನಂಬಬೇಡಿ.) ನೀರಿನ ಪ್ರಮಾಣ ಚೆನ್ನಾಗಿಯೇ ಬಂತು. ಕಲ್ಲಿನ ಮೈ ಕೆಟ್ಟಿತು.

ಕೋರಿನ ಅಂಚಿಗೆ ಒಂದು ಹನಿ ಉಪ್ಪುನೀರು ಬಿಟ್ಟೆ. ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಗುಂಡಗೆ ಕೂತಿತು. ಕೋರಿನ ನಡುಭಾಗದಲ್ಲಿ ಬಿಟ್ಟ ಹನಿ ನಿಧಾನವಾಗಿ ಇಂಗಿತು. ಒಂದೇ ಕಲ್ಲು, ನಡುವೆ ನಾಲ್ಕು ಬೆರಳಿನಷ್ಟೂ ದೂರವಿಲ್ಲ. ಎಮಲ್ಸಿಫೈಯರ್ ಅಂಚಿನಿಂದ ಒಳಗೆ ಸಾಗಿ, ನೀರು ಹಚ್ಚಿಕೊಳ್ಳುವ ಕಲ್ಲಿಗೆ ಎಣ್ಣೆಯ ಮೈ ಕೊಟ್ಟಿತ್ತು. ನೀರು ಹಚ್ಚಿಕೊಳ್ಳುವ ಕಲ್ಲು ನೀರನ್ನು ಹೀರಿ ಎಣ್ಣೆಯನ್ನು ಹೊರಗೆ ತಳ್ಳಬೇಕು. ಲ್ಯಾಬಿನಲ್ಲಿ ಅಂಚಿನ ತುಂಡನ್ನು ಉಪ್ಪುನೀರಿನಲ್ಲಿ ಮುಳುಗಿಸಿ ಹತ್ತು ದಿನ ಕಾದರೂ ಒಂದು ಹನಿ ಎಣ್ಣೆ ಹೊರಗೆ ಬರಲಿಲ್ಲ. ಅಷ್ಟು ದುಡ್ಡು ಸುರಿದು ತೆಗೆದ ಕಲ್ಲು ಸುಳ್ಳು ಸಾಕ್ಷಿ ಹೇಳುತ್ತಿತ್ತು. ಆ ದಿನ ನನಗೆ ಊಟ ಸೇರಲಿಲ್ಲ.

ಮೂರನೆಯದು ಬ್ಲ್ಯಾಂಡ್: ಶುದ್ಧೀಕರಿಸಿದ ಮಿನರಲ್ ಆಯಿಲ್, ಹೆಚ್ಚುಕಡಿಮೆ ನೀರೇ ಇಲ್ಲ, ತೂಕಕ್ಕೆ ಸುಣ್ಣಕಲ್ಲಿನ ಪುಡಿ, ಕಲ್ಲಿಗೆ ಎಣ್ಣೆ ಹಿಡಿಸುವ ರಾಸಾಯನಿಕ ಬೇಡವೇ ಬೇಡ. ಇದರ ತೊಂದರೆ ಮಡ್‌ನಲ್ಲಿಲ್ಲ, ಟ್ಯಾಂಕಿನಲ್ಲಿದೆ.

ಟ್ಯಾಂಕಿನ ತಳದಲ್ಲಿ ಎರಡು ಇಂಚು ಹಳೆಯ ಮಾಮೂಲಿ ಎಣ್ಣೆ ಮಡ್ ಉಳಿದಿತ್ತು. ಮಡ್ ಇಂಜಿನಿಯರ್ ನಮ್ಮ ಮಂಗಳೂರಿನವರೇ. “ಇರಲಿ ಮಾರಾಯ್ರೆ, ಅದೂ ಎಣ್ಣೆ, ಇದೂ ಎಣ್ಣೆ” ಅಂದರು. ಹೊಸ ಮಡ್ ಅದರ ಮೇಲೆಯೇ ಬಿತ್ತು. ನನಗೆ ಸಮಾಧಾನವಿರಲಿಲ್ಲ. ಆ ಬೆರೆತ ಮಡ್ ಸೋಸಿ ತೆಗೆದ ಎಣ್ಣೆಯನ್ನು ಒಂದು ಗಾಜಿನ ಸೀಸೆಗೆ ಹಾಕಿ, ಅಷ್ಟೇ ಉಪ್ಪುನೀರು ಸೇರಿಸಿ ಕುಲುಕಿದೆ. ಬರೀ ಎಣ್ಣೆಯಾಗಿದ್ದರೆ ಸ್ವಲ್ಪ ಹೊತ್ತಿಗೆ ಎರಡೂ ಬೇರೆಯಾಗಿ ನಡುವೆ ಸ್ಪಷ್ಟ ಗೆರೆ ಕಾಣಬೇಕು. ಇದು ಮಜ್ಜಿಗೆಯ ಹಾಗೆ ಬೆಳ್ಳಗೆ ನಿಂತುಬಿಟ್ಟಿತು. ಟೀ ಕುಡಿದು ಬಂದರೂ ಹಾಗೇ ಇತ್ತು. ಹಳೆಯ ಮಡ್‌ನ ಎಮಲ್ಸಿಫೈಯರ್ ಹೊಸದಕ್ಕೂ ಬೆರೆತಿತ್ತು.

ಸೀಸೆ ನೋಡಿದ ಮೇಲೆ ಅವರೂ ಮಾತಾಡಲಿಲ್ಲ, ತಾವೇ ಬೂಟು ಹಾಕಿಕೊಂಡು ಟ್ಯಾಂಕಿಗೆ ಇಳಿದರು. ಟ್ಯಾಂಕು, ಮಡ್ ಜರಡಿ ಹಿಡಿಯುವ ಶೇಕರ್ ಕೆಳಗಿನ ತೊಟ್ಟಿ, ಪುಡಿ ಸುರಿಯುವ ಹಾಪರ್ ಎಲ್ಲ ಕೆರೆದು ಒರೆಸಿದ್ದಾಯಿತು. ಮತ್ತೆ ಹೊಸ ಮಡ್, ಮತ್ತೆ ಸೀಸೆ: ಇನ್ನೂ ಮಸುಕು. ಪಂಪಿನಿಂದ ಮೇಲಕ್ಕೆ ಹೋಗುವ ಪೈಪಿನಲ್ಲಿ ಹಳೆಯದು ನಿಂತಿತ್ತು. ಅದನ್ನೂ ಖಾಲಿ ಮಾಡಿದ ಮೇಲೆ ಮೂರನೆಯ ಸೀಸೆಯಲ್ಲಿ ಗೆರೆ ಬಂತು. ಒಂದೂವರೆ ದಿನದ ರಿಗ್ ಬಾಡಿಗೆ ಹೋಯಿತು. ಆ ಕೋರಿನ ಅಂಚಿಗೆ ಬಿಟ್ಟ ಹನಿ ನನ್ನ ಕಣ್ಣೆದುರೇ ಇಂಗಿತು.

ಉಳಿದದ್ದು ಚುಟುಕಾಗಿ. ಅಲ್ಟ್ರಾವಯಲೆಟ್ ದೀಪದಡಿ ಡೀಸೆಲ್ ತಾನೇ ಹೊಳೆದು ಬಂಡೆಯ ಎಣ್ಣೆಯನ್ನು ಮರೆಮಾಡುತ್ತದೆ, ಮಿನರಲ್ ಆಯಿಲ್‌ನಲ್ಲಿ ಆ ಕಾಟ ಕಡಿಮೆ. ವಾಸನೆಯೂ ಕಡಿಮೆ. ಬ್ಲ್ಯಾಂಡ್‌ಗೆ ನೀರು ತಡೆಯುವ ಶಕ್ತಿ ಇಲ್ಲ, ನೆಲ ತೊಳೆಯುವ ಪೈಪನ್ನು ಟ್ಯಾಂಕಿನ ಹತ್ತಿರ ತರಬೇಡಿ. ಕೋರನ್ನು ಸುತ್ತಿ ಮುಚ್ಚಿಡುವ ಪ್ಲಾಸ್ಟಿಕ್, ಅಲ್ಯೂಮಿನಿಯಂ ಹಾಳೆ, ಬಿಸಿ ಮೇಣ ಮಾತ್ರ ಮೂರಕ್ಕೂ ಒಂದೇ.

ನಾನು ಒಂದು ಬಾವಿಯಲ್ಲಿ ತೆಗೆಸುವುದು ಹೆಚ್ಚೆಂದರೆ ಮೂರು ಬ್ಯಾರೆಲ್, ಅಂದರೆ 27 ಮೀಟರ್. ಇಡೀ ಬಾವಿಗೆ ಬ್ಲ್ಯಾಂಡ್ ಹಾಕಲು ದುಡ್ಡಿಲ್ಲ, ಅಷ್ಟಕ್ಕೆ ಮಾತ್ರ ಹಾಕಿದರೆ ಬಜೆಟ್ ತಾಳುತ್ತದೆ. ರಂಧ್ರಗಳ ಪ್ರಮಾಣವಷ್ಟೇ ಸಾಕು ಅನ್ನುವವರು ನೀರಿನ ಮಡ್‌ನಲ್ಲೇ ತೆಗೆಯಿರಿ. ಮಾಮೂಲಿ ಎಣ್ಣೆ ಮಡ್ ಬಿಟ್ಟರೆ ಗತಿಯಿಲ್ಲ ಅಂದರೆ ಕೋರಿನ ನಡುಭಾಗವನ್ನಷ್ಟೇ ನಂಬಿ. ಇಲ್ಲವೇ ಕಲ್ಲನ್ನು ಪೂರ್ತಿ ತೊಳೆದು, ಅದೇ ಬಾವಿಯ ಕಚ್ಚಾ ಎಣ್ಣೆಯಲ್ಲಿ ಸುಮಾರು 1,000 ಗಂಟೆ ಬಿಸಿಯಲ್ಲಿಟ್ಟು ಹಳೆಯ ಗುಣ ಮರಳಿಸಲು ನೋಡಿ. ನಮ್ಮ ಮುಂದಿನ ಬಾವಿಯ ಯೋಜನೆಯಲ್ಲಿ ಟ್ಯಾಂಕ್ ತೊಳೆಯಲು ಎರಡು ದಿನ ಬರೆಸಿದ್ದೇನೆ. ಸೀಸೆ ನನ್ನ ಚೀಲದಲ್ಲೇ ಇದೆ.