ವರ್ಷದ ಮೇಲಾಯ್ತು ಐರನ್ ಮಾತ್ರೆ ಶುರು ಮಾಡಿ: ಸಲ್ಫೇಟ್, ಬಿಸ್‌ಗ್ಲೈಸಿನೇಟ್, ಸಿರಪ್ ಮೂರರ ರಿವ್ಯೂ

ಇದು ಯಾವ್ದೋ ಒಂದು ಬ್ರ್ಯಾಂಡ್ ಬಗ್ಗೆ ಅಲ್ಲ, ಮೂರು ಥರದ್ದನ್ನೂ ಬೇರೆ ಬೇರೆ ಟೈಮಲ್ಲಿ ತಗೊಂಡಿದೀನಿ, ಅದಕ್ಕೇ ಒಟ್ಟಿಗೇ ಬರೀತಿದೀನಿ. ನನ್ನ ಹಿಮೋಗ್ಲೋಬಿನ್ ಅಷ್ಟೇನೂ ಕಮ್ಮಿ ಇರ್ಲಿಲ್ಲ, ಫೆರಿಟಿನ್ (ಮೈಯಲ್ಲಿ ಎಷ್ಟು ಕಬ್ಬಿಣ ಸ್ಟಾಕ್ ಇದೆ ಅಂತ ತೋರ್ಸೋ ರಕ್ತದ ಟೆಸ್ಟ್) ಮಾತ್ರ ತಳ ಹಿಡಿದಿತ್ತು. ದೇಹದಲ್ಲಿ ಕೂಡಿಟ್ಟಿರೋ ಕಬ್ಬಿಣ ಮೊದ್ಲು ಖಾಲಿ ಆಗತ್ತೆ, ಹಿಮೋಗ್ಲೋಬಿನ್ ಇಳಿಯೋದು ಆಮೇಲೆ, ಹಾಗಾಗಿ ಅದೊಂದನ್ನೇ ನೋಡಿ ಎಲ್ಲಾ ಸರಿ ಇದೆ ಅನ್ನೋ ಹಾಗಿಲ್ಲ. ಫೆರಿಟಿನ್ 30ಕ್ಕಿಂತ ಕೆಳಗಿದ್ರೆ ತುಂಬಾ ಡಾಕ್ಟರ್‌ಗಳು ಕೊರತೆ ಅಂತಾನೇ ಲೆಕ್ಕ ಹಾಕ್ತಾರೆ. ಇನ್ಫೆಕ್ಷನ್ನೋ ಉರಿಯೂತವೋ ಇದ್ದಾಗ ಟೆಸ್ಟ್ ಮಾಡಿಸಿದ್ರೆ ಆ ನಂಬರ್ ಇರೋದಕ್ಕಿಂತ ಚೆನ್ನಾಗಿ ಕಾಣತ್ತೆ, ಅದೂ ನೆನಪಿರ್ಲಿ.

ತಗೊಳ್ಳೋ ಮುಂಚೆ ಡಬ್ಬಿ ತಿರುಗಿಸಿ ಹಿಂದುಗಡೆ ಸಣ್ಣಕ್ಷರ ಓದಿ. ಮುಂದೆ ದಪ್ಪಕ್ಷರದಲ್ಲಿ ಫೆರಸ್ ಸಲ್ಫೇಟ್ 325 ಮಿಗ್ರಾಂ ಅಂತಿರತ್ತೆ, ಅದ್ರಲ್ಲಿ ಕಬ್ಬಿಣ ಅಂತ ಇರೋದು ಬರೀ 65 ಮಿಗ್ರಾಂ, ಉಳಿದಿದ್ದು ಕಬ್ಬಿಣದ ಜೊತೆ ಸೇರಿರೋ ಸಲ್ಫೇಟ್ ಇತ್ಯಾದಿಯ ತೂಕ. ಐರನ್ ಮಾತ್ರೆಯ ಬೇರೆ ಥರಗಳಲ್ಲಿ, ಫ್ಯೂಮರೇಟ್ ಆದ್ರೆ ಕಬ್ಬಿಣ ತೂಕದ ಸುಮಾರು ಮೂರನೇ ಒಂದು ಭಾಗ, ಗ್ಲುಕೋನೇಟ್ ಆದ್ರೆ ಶೇಕಡ 12ರಷ್ಟು. ‘ಎಲಿಮೆಂಟಲ್ ಐರನ್’ (ಅಂದ್ರೆ ಬರೀ ಕಬ್ಬಿಣ) ಎಷ್ಟು ಅಂತ ಬರೆದಿರೋ ಸಾಲನ್ನ ಇಟ್ಕೊಂಡೇ ಒಂದನ್ನ ಇನ್ನೊಂದರ ಜೊತೆ ಹೋಲಿಸ್ಬೇಕು. ಆ ಸಾಲೇ ಇಲ್ದಿರೋ ಡಬ್ಬೀನ ನಾನಂತೂ ಮುಟ್ಟಲ್ಲ.

ಮೊದ್ಲು ಡಾಕ್ಟರ್ ಬರೆದಿದ್ದು ಸಲ್ಫೇಟ್. ಅಗ್ಗ, ಹಳೇದು, ಕೆಲ್ಸ ಮಾಡತ್ತೆ, ಆದ್ರೆ ಹೊಟ್ಟೆ ಕಥೆ ಕೇಳ್ಬೇಡಿ, ವಾಕರಿಕೆ ಒಂದ್ಕಡೆ ಮಲಬದ್ಧತೆ ಒಂದ್ಕಡೆ. ದಿನಾ ತಗೊಳ್ಳೋದು ಕಷ್ಟ ಆಗ್ತಿದೆ ಅಂದಾಗ ದಿನ ಬಿಟ್ಟು ದಿನ ತಗೊಳ್ಳಿ ಅಂದ್ರು. ಡೋಸ್ ಕಮ್ಮಿ ಆಗಲ್ವಾ ಅಂತ ಕೇಳಿದ್ದಕ್ಕೆ ಹೆಪ್ಸಿಡಿನ್ ಅಂತ ಒಂದು ಹಾರ್ಮೋನ್ ಬಗ್ಗೆ ಹೇಳಿದ್ರು, ಒಂದ್ಸಲ ಕಬ್ಬಿಣ ಒಳಗೆ ಹೋದ್ರೆ ಅದು ಏರಿ ಸುಮಾರು ಒಂದು ದಿನ ಕರುಳಿನ ಬಾಗಿಲು ಅರ್ಧ ಮುಚ್ಚಿಬಿಡತ್ತಂತೆ, ಆ ಹೊತ್ತಲ್ಲಿ ಇನ್ನೊಂದು ಮಾತ್ರೆ ನುಂಗಿದ್ರೆ ಅದ್ರಲ್ಲಿ ಹೀರೋ ಪಾಲು ಕಮ್ಮಿ, ಹೀರದೆ ಉಳಿದಿದ್ದೇ ಹೊಟ್ಟೆ ಕೆಡಿಸೋದು. ದಿನ ಬಿಟ್ಟು ದಿನಕ್ಕೆ ಬದಲಾಯಿಸಿದ್ಮೇಲೆ ನಂಗೆ ತಡ್ಕೊಳ್ಳೋಕಾಯ್ತು.

ಟೈಮಿಂಗ್ ವಿಷ್ಯ ಮಾತ್ರ ಸಡಿಲ ಬಿಡೋ ಹಾಗಿಲ್ಲ. ಖಾಲಿ ಹೊಟ್ಟೇಲಿ ನೀರಿನ ಜೊತೆ ಬೆಸ್ಟು, ಆಗ್ದೇ ಇದ್ರೆ ಸ್ವಲ್ಪ ಏನಾದ್ರೂ ತಿಂದು. ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ, ಆಸಿಡಿಟಿ ಔಷಧಿ ಇವೆಲ್ಲ ಕಬ್ಬಿಣ ಹೀರೋದಕ್ಕೆ ಅಡ್ಡಗಾಲು ಹಾಕ್ತವೆ, ಕಾಫಿಗೆ ನಾನು ಎರಡು ಗಂಟೆ ಗ್ಯಾಪ್ ಕೊಡ್ತೀನಿ, ಬೆಳಗ್ಗೆ ಅದು ಎಷ್ಟು ಹಿಂಸೆ ಅಂತ ಕಾಫಿ ಕುಡಿಯೋರಿಗೇ ಗೊತ್ತು. ಥೈರಾಯ್ಡ್ ಮಾತ್ರೆ ತಗೊಳ್ಳೋರು ನಾಲ್ಕು ಗಂಟೆ ಅಂತರ ಇಡ್ಬೇಕು, ಕೆಲವು ಆಂಟಿಬಯೋಟಿಕ್ ಜೊತೆಗೂ ಆಗಲ್ಲ, ಕೇಳ್ಕೊಳ್ಳಿ.

ಮಲ ಕಪ್ಪಗಾಗತ್ತೆ, ಅದಕ್ಕೆ ಗಾಬರಿ ಬೇಡ. ಆದ್ರೆ ಟಾರ್ ಥರ ಅಂಟಂಟಾಗಿ ಕೆಟ್ಟ ವಾಸನೆ ಬಂದ್ರೆ, ಜೊತೆಗೆ ತಲೆ ಸುತ್ತಿದ್ರೆ, ಒಳಗೆ ರಕ್ತ ಹೋಗ್ತಿರ್ಬಹುದು, ಆವಾಗ ಐರನ್ನಿಂದಾನೇ ಇರ್ಬೇಕು ಅಂತ ಸುಮ್ನೆ ಕೂರೋ ಹಾಗಿಲ್ಲ.

ಈಗ ನಡೀತಿರೋದು ಬಿಸ್‌ಗ್ಲೈಸಿನೇಟ್ (ಕಬ್ಬಿಣಕ್ಕೆ ಗ್ಲೈಸಿನ್ ಅನ್ನೋ ಅಮೈನೊ ಆಮ್ಲ ಸೇರಿಸಿದ್ದು) ಕ್ಯಾಪ್ಸೂಲ್, ಎಲಿಮೆಂಟಲ್ 25 ಮಿಗ್ರಾಂ. ಹೊಟ್ಟೆಗೆ ಆರಾಮ, ಬಾಯಲ್ಲಿ ಆ ಲೋಹದ ರುಚಿ ಇಲ್ಲ. ದುಬಾರಿ, ಅದು ನಿಜ. ಹೆಚ್ಚು ಮಿಗ್ರಾಂ ಇದ್ದು ಡ್ರಾಯರ್‌ನಲ್ಲಿ ಕೊಳೆಯೋ ಮಾತ್ರೆಗಿಂತ ಬಿಡದೆ ನುಂಗೋಕಾಗೋ ಮಾತ್ರೆ ವಾಸಿ ಅನ್ನೋದು ನನ್ನ ಲೆಕ್ಕ. ಸಿರಪ್ ಮಾತ್ರ ನಂಗೆ ಸೆಟ್ ಆಗ್ಲಿಲ್ಲ, ಸ್ಟ್ರಾ ಇಲ್ದೆ ಕುಡಿದ್ರೆ ಹಲ್ಲಿನ ಸಂದೀಲಿ ಕಂದು ಗೆರೆ, ಬಾಟಲ್ ಕತ್ತಲ್ಲಿ ಇಳಿದಿದ್ದು ಒಣಗಿ ಅಂಟಿ ಮುಚ್ಚಳ ತೆಗೆಯೋದೇ ಸರ್ಕಸ್ಸು. ಮಾತ್ರೆ ನುಂಗೋಕೇ ಆಗ್ದಿರೋರಿಗೆ ಓಕೆ.

ಮಕ್ಕಳಿರೋ ಮನೆಯಾದ್ರೆ ಬೀಗ ಹಾಕಿಡಿ, ತಮಾಷೆ ಅಲ್ಲ. ಬಣ್ಣದ ಮಾತ್ರೆ ನೋಡಕ್ಕೆ ಮಿಠಾಯಿ ಥರಾನೇ ಇರತ್ತೆ, ಸಣ್ಣ ಮಗು ಒಂದಷ್ಟು ನುಂಗಿಬಿಟ್ರೆ ಜೀವಕ್ಕೇ ಅಪಾಯ, ವಾಂತಿ ನಿಂತು ಚೆನ್ನಾಗಿದೆ ಅಂತ ಕಂಡ್ರೂ ಆಸ್ಪತ್ರೆಗೆ ಹೋಗ್ಲೇಬೇಕು.

ಸುಸ್ತು ಅಂತ ಟೆಸ್ಟ್ ಮಾಡಿಸ್ದೇ ಶುರು ಮಾಡೋರಿಗೆ ಒಂದು ಮಾತು, ಹಿಮೋಕ್ರೊಮಟೋಸಿಸ್ ಅನ್ನೋ ಕಾಯಿಲೆ ಇರೋರ ಮೈಯಲ್ಲಿ ಮೊದ್ಲೇ ಕಬ್ಬಿಣ ಜಾಸ್ತಿ, ಥಲಸ್ಸೀಮಿಯಾ ಟ್ರೇಟ್ (ಹುಟ್ಟಿನಿಂದ ಬರೋ ಒಂದು ರಕ್ತದ ತೊಂದರೆಯ ಸೌಮ್ಯ ರೂಪ) ಇದ್ರೆ ಹಿಮೋಗ್ಲೋಬಿನ್ ಕಮ್ಮಿ ಇದ್ರೂ ಕಬ್ಬಿಣದ ಕೊರತೆ ಇರ್ಲೇಬೇಕು ಅಂತಿಲ್ಲ. ನಂದು ಮುಟ್ಟಿನ ರಕ್ತಸ್ರಾವ ಜಾಸ್ತಿಯಾಗಿ ಆಗಿದ್ದು, ಅದಕ್ಕೆ ಬೇರೆ ಟ್ರೀಟ್‌ಮೆಂಟ್ ನಡೀತಿದೆ. ಗಂಡಸರಲ್ಲಿ, ಮುಟ್ಟು ನಿಂತವರಲ್ಲಿ ಕೊರತೆ ಕಂಡ್ರೆ ಹೊಟ್ಟೆ ಕರುಳಲ್ಲಿ ಎಲ್ಲಾದ್ರೂ ಸೋರ್ತಿದೆಯಾ ಅಂತ ನೋಡಿಸ್ಲೇಬೇಕು.

ಹಿಮೋಗ್ಲೋಬಿನ್ ಬೇಗ ಏರ್ತು, ಫೆರಿಟಿನ್ ಆಮೆ ನಡಿಗೆ. ಹಿಮೋಗ್ಲೋಬಿನ್ ಸರಿ ಹೋದ್ಮೇಲೂ ಮೂರು ತಿಂಗಳು ಸಾಮಾನ್ಯವಾಗಿ ಮುಂದುವರಿಸ್ತಾರೆ, ನಂದು ಸೋರ್ತಾನೇ ಇದ್ದಿದ್ರಿಂದ ಇನ್ನೂ ಉದ್ದ ಹೋಯ್ತು. ಸಲ್ಫೇಟ್‌ಗೆ ಮೂರು ಸ್ಟಾರ್, ಬಿಸ್‌ಗ್ಲೈಸಿನೇಟ್‌ಗೆ ನಾಲ್ಕು (ರೇಟಿಗೆ ಒಂದು ಕಟ್), ಸಿರಪ್‌ಗೆ ಎರಡು.