ಯೂರೋಪಿನಲ್ಲಿ ಮೋಟರ್‌ಹೋಮ್: ಕ್ಯಾಂಪ್‌ಸೈಟ್ ರಿಯಾಯಿತಿ ಕಾರ್ಡ್‌ಗಳಲ್ಲಿ ಯಾವುದು ನಿಜಕ್ಕೂ ದುಡ್ಡು ಉಳಿಸುತ್ತದೆ?

ಮೋಟರ್‌ಹೋಮ್‌ನಲ್ಲಿ, ಅಂದರೆ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಗಾಡಿಯಲ್ಲಿ, ಯೂರೋಪ್ ಸುತ್ತಲು ಹೊರಟವರಿಗೆ ಗಾಡಿ ಬಾಡಿಗೆ, ಡೀಸೆಲ್ ಆದ ಮೇಲೆ ಬರುವ ದೊಡ್ಡ ಖರ್ಚು ರಾತ್ರಿ ತಂಗುವ ಜಾಗದ್ದು. ಅದನ್ನು ತಗ್ಗಿಸಿಕೊಡುತ್ತೇವೆ ಎನ್ನುವ ಕಾರ್ಡ್‌ಗಳು ಹತ್ತಾರಿವೆ. ಎಲ್ಲ ಜಾಹೀರಾತುಗಳಲ್ಲೂ ಎರಡೇ ಮಾತು: ಎಷ್ಟು ಸಾವಿರ ಕ್ಯಾಂಪ್‌ಸೈಟ್‌ಗಳಲ್ಲಿ ನಡೆಯುತ್ತದೆ, ನೂರಕ್ಕೆ ಎಷ್ಟು ಉಳಿಯುತ್ತದೆ. ಬಳಸಿ ನೋಡಿದರೆ ಲೆಕ್ಕ ನಿಲ್ಲುವುದು ಬೇರೆ ಎರಡು ಸಂಗತಿಗಳ ಮೇಲೆ. ನೀವು ಹೋಗುವುದು ಯಾವ ತಿಂಗಳು, ಗಾಡಿಯಲ್ಲಿ ಇರುವವರು ಎಷ್ಟು ಜನ. ಇವೆರಡು ಗೊತ್ತಾದರೆ ಯಾವ ಕಾರ್ಡ್ ಬೇಕು, ಯಾವುದು ಬೇಡ ಎನ್ನುವುದು ಮನೆಯಲ್ಲೇ ತೀರ್ಮಾನವಾಗುತ್ತದೆ.

ಇಲ್ಲಿ ಹೋಲಿಸುತ್ತಿರುವುದು ನಾಲ್ಕು ಬಗೆ: ಎಸಿಎಸ್‌ಐ ಕ್ಯಾಂಪಿಂಗ್‌ಕಾರ್ಡ್, ಗುರುತಿನ ಚೀಟಿಯಂಥ ಕಾರ್ಡ್‌ಗಳು, ಫ್ರಾನ್ಸಿನ ಕ್ಯಾಂಪಿಂಗ್-ಕಾರ್ ಪಾರ್ಕ್, ಮತ್ತು ರೈತರ ಅಂಗಳದಲ್ಲಿ ತಂಗುವ ಫ್ರಾನ್ಸ್ ಪ್ಯಾಸಿಯೋ.

ಎಸಿಎಸ್‌ಐ ಕ್ಯಾಂಪಿಂಗ್‌ಕಾರ್ಡ್

ಎಸಿಎಸ್‌ಐ ನೆದರ್‌ಲ್ಯಾಂಡ್ಸ್‌ನ ಸಂಸ್ಥೆ. ಅದರ ಕಾರ್ಡ್ ಯೂರೋಪಿನಾದ್ಯಂತ ಸುಮಾರು 3000 ಕ್ಯಾಂಪ್‌ಸೈಟ್‌ಗಳಲ್ಲಿ ನಡೆಯುತ್ತದೆ. ಪುಸ್ತಕದೊಂದಿಗೆ ಬರುವ ಕಾರ್ಡ್‌ನ ಬೆಲೆ 20 ಯೂರೋ ಆಸುಪಾಸು. ಇದರಲ್ಲಿ ಶೇಕಡಾವಾರು ರಿಯಾಯಿತಿ ಇಲ್ಲ, ನಿಗದಿತ ದರ ಇದೆ. ಎರಡೆರಡು ಯೂರೋ ಅಂತರದ ದರಗಳಲ್ಲಿ ಒಂದನ್ನು ಪ್ರತಿ ಕ್ಯಾಂಪ್‌ಸೈಟ್ ಆರಿಸಿಕೊಂಡಿರುತ್ತದೆ. ಆ ದರದಲ್ಲಿ ಇಬ್ಬರು ವಯಸ್ಕರು, ಗಾಡಿ ನಿಲ್ಲಿಸುವ ಜಾಗ, ಬಿಸಿನೀರಿನ ಸ್ನಾನ, ಒಂದು ನಾಯಿ, ದಿನಕ್ಕೆ 4 ಯೂನಿಟ್ ತನಕ ಕರೆಂಟ್ ಸೇರಿರುತ್ತವೆ. ಪ್ರವಾಸಿ ತೆರಿಗೆ ಸೇರಿರುವುದಿಲ್ಲ. ಮೂರನೆಯವರು, ನಾಲ್ಕನೆಯವರು ಕ್ಯಾಂಪ್‌ಸೈಟಿನ ಮಾಮೂಲಿ ದರವನ್ನೇ ಕೊಡಬೇಕು. ಕೆಲವು ಕಡೆ ಐದು ವರ್ಷದವರೆಗಿನ ಮಕ್ಕಳಿಗೆ ಮಾತ್ರ ಬಿಟ್ಟಿ.

ಇಬ್ಬರೇ ಹೋದರೆ ಲೆಕ್ಕ ಸಲೀಸು. ಮಾಮೂಲಿ 30 ಯೂರೋ ಇರುವ ಕಡೆ ಕಾರ್ಡ್ ದರ 21 ಇದ್ದರೆ ರಾತ್ರಿಗೆ 9 ಯೂರೋ ಉಳಿತಾಯ, ಮೂರನೇ ರಾತ್ರಿಗೆ ಕಾರ್ಡಿನ ದುಡ್ಡು ಹುಟ್ಟಿತು. ಏಳು ರಾತ್ರಿ ಇದ್ದರೆ ಆರಕ್ಕೆ ಮಾತ್ರ ದುಡ್ಡು ಎನ್ನುವ ಕೊಡುಗೆ ಕೆಲವು ಕಡೆ ಇರುತ್ತದೆ. ಒಂದೇ ಕಡೆ ಬೀಡುಬಿಟ್ಟು ಸುತ್ತಮುತ್ತ ನೋಡುವವರಿಗೆ ಅದು ಇನ್ನೂ ಲಾಭ.

ಅದೇ ಗಾಡಿಯಲ್ಲಿ ಎಂಟು, ಹನ್ನೊಂದು ವರ್ಷದ ಇಬ್ಬರು ಮಕ್ಕಳನ್ನು ಕೂರಿಸಿ. 21ಕ್ಕೆ ತಲಾ 5 ಯೂರೋ ಸೇರಿ 31 ಆಯಿತು. ಅದೇ ಕ್ಯಾಂಪ್‌ಸೈಟ್ ಆಫ್ ಸೀಸನ್‌ನಲ್ಲಿ ಮಕ್ಕಳೂ ಸೇರಿದ ಫ್ಯಾಮಿಲಿ ಪ್ಯಾಕೇಜ್ ಅನ್ನು 33ಕ್ಕೆ ಕೊಡುತ್ತಿದ್ದರೆ ಉಳಿಯುವುದು ರಾತ್ರಿಗೆ ಬರೀ ಎರಡು ಯೂರೋ. ಹತ್ತು ರಾತ್ರಿ ಕಳೆದರೂ ಕಾರ್ಡಿನ ಬೆಲೆಯಷ್ಟೇ ವಾಪಸ್ ಬಂದಿರುತ್ತದೆ. ಹಾಗಾಗಿ ಕಾರ್ಡ್ ಕೊಳ್ಳುವ ಮುನ್ನ ನೀವು ಹೋಗಬೇಕೆಂದಿರುವ ಎರಡು ಮೂರು ಕ್ಯಾಂಪ್‌ಸೈಟ್‌ಗಳ ಸ್ವಂತ ವೆಬ್‌ಸೈಟ್ ತೆರೆದು, ನಿಮ್ಮ ತಾರೀಖು, ನೀವು ಎಷ್ಟು ಜನ ಎಂಬುದನ್ನು ಹಾಕಿ ಬರುವ ದರವನ್ನೇ ಕಾರ್ಡ್ ದರದ ಪಕ್ಕ ಇಟ್ಟು ನೋಡಿ. ‘ಮಾಮೂಲಿ ದರ’ ಎಂದು ಹೆಚ್ಚಾಗಿ ತೋರಿಸುವುದು ಜುಲೈ-ಆಗಸ್ಟಿನ ದರವನ್ನು. ಆ ತಿಂಗಳುಗಳಲ್ಲಿ ಹೆಚ್ಚಿನ ಕಡೆ ಕಾರ್ಡ್ ಹೇಗೂ ನಡೆಯುವುದಿಲ್ಲ.

ಕರೆಂಟಿನ 4 ಯೂನಿಟ್ ಎಷ್ಟು ಹೊತ್ತು ಬರುತ್ತದೆ?

ಹೊಸಬರು ಎಡವುವುದು ಇಲ್ಲಿ. ಹಲವು ಮೋಟರ್‌ಹೋಮ್‌ಗಳ ಫ್ರಿಜ್ ಮನೆಯ ಫ್ರಿಜ್ಜಿನಂತೆ ಕಂಪ್ರೆಸರ್‌ನದಲ್ಲ, ಗ್ಯಾಸ್, 12 ವೋಲ್ಟ್, 230 ವೋಲ್ಟ್ ಮೂರರಲ್ಲೂ ಓಡುವ ಅಬ್ಸಾರ್ಪ್ಶನ್ ಫ್ರಿಜ್. ಕರೆಂಟಿಗೆ ಹಾಕಿದರೆ 150 ವಾಟ್‌ಗೂ ಹೆಚ್ಚು ಎಳೆಯುತ್ತದೆ, ದಿನದ ಬಹುಪಾಲು ಹೊತ್ತು ಓಡುತ್ತಲೇ ಇರುತ್ತದೆ. ಎರಡೂವರೆ ಮೂರು ಯೂನಿಟ್ ಅದಕ್ಕೇ ಹೋಯಿತು. ಏಪ್ರಿಲ್ ಚಳಿಗೆ 1000 ವಾಟ್‌ನ ಪುಟ್ಟ ಹೀಟರ್ ರಾತ್ರಿಯಿಡೀ ಹಾಕಿದರೆ ಎಂಟು ಯೂನಿಟ್. ಹೆಚ್ಚುವರಿ ಯೂನಿಟ್‌ಗೆ ಅರ್ಧ ಯೂರೋದಿಂದ ಒಂದು ಯೂರೋ ತನಕ ಹಾಕುವ ಕ್ಯಾಂಪ್‌ಸೈಟ್‌ಗಳಿವೆ, ಕಾರ್ಡ್‌ನಿಂದ ಉಳಿದದ್ದು ಹೀಟರ್‌ಗೆ ಹೋಗುತ್ತದೆ. ಮೀಟರ್ ಇರುವ ಕಡೆ ಫ್ರಿಜ್ಜನ್ನೂ ಹೀಟಿಂಗನ್ನೂ ಗ್ಯಾಸಿಗೆ ತಿರುಗಿಸಿ. ನೀಲಿ ಮೂರು ಪಿನ್‌ನ ಪ್ಲಗ್ ಚುಚ್ಚುವ ಮೊದಲು ಕಂಬದ ಮೀಟರಿನ ಅಂಕಿಯ ಫೋಟೊ ತೆಗೆದಿಡಿ. ಹೊರಡುವಾಗ ತಕರಾರು ಬಂದರೆ ಅದೊಂದೇ ಸಾಕ್ಷಿ.

ಇನ್ನೊಂದು ಮಾತು. ಹಲವು ಕಡೆ ಕೊಡುವುದು 6 ಆಂಪಿಯರ್ ಸಂಪರ್ಕ, ಅಂದರೆ 1380 ವಾಟ್. ನಮ್ಮವರು ಜೊತೆಗೆ ಒಯ್ಯುವ 500–700 ವಾಟ್‌ನ ರೈಸ್ ಕುಕ್ಕರ್ ಇದರಲ್ಲಿ ಆರಾಮಾಗಿ ಓಡುತ್ತದೆ. 2000 ವಾಟ್‌ನ ಕೆಟಲ್ ಅಥವಾ ಇಂಡಕ್ಷನ್ ಒಲೆ ಹಾಕಿದರೆ ಟ್ರಿಪ್. ಟ್ರಿಪ್ ಆದ ಸ್ವಿಚ್ ಬೀಗ ಹಾಕಿದ ಪೆಟ್ಟಿಗೆಯೊಳಗಿದ್ದರೆ ರಿಸೆಪ್ಶನ್ ತೆರೆಯುವ ತನಕ ಕತ್ತಲೆ.

ಕ್ಯಾಲೆಂಡರ್

ಎಸಿಎಸ್‌ಐ ಕಾರ್ಡ್ ಸ್ವೀಕರಿಸುವ ದಿನಗಳನ್ನು ಪ್ರತಿ ಕ್ಯಾಂಪ್‌ಸೈಟ್ ತಾನೇ ಗೊತ್ತುಮಾಡುತ್ತದೆ. ಹೆಚ್ಚಿನವು ಜುಲೈ, ಆಗಸ್ಟ್ ಮುಚ್ಚಿಬಿಡುತ್ತವೆ. ಜೊತೆಗೆ ಈಸ್ಟರ್, ಅಸೆನ್ಶನ್, ಪೆಂಟೆಕೋಸ್ಟ್ ಎಂಬ ಕ್ರೈಸ್ತ ಹಬ್ಬಗಳ ಸುತ್ತಲಿನ ದಿನಗಳನ್ನೂ ಹೊರಗಿಡುವವರು ಬಹಳ. ಈ ಹಬ್ಬಗಳ ತಾರೀಖು ವರ್ಷವರ್ಷ ಬದಲಾಗುತ್ತದೆ. 2026ರಲ್ಲಿ ಈಸ್ಟರ್ ಏಪ್ರಿಲ್ 5, ಅಸೆನ್ಶನ್ ಮೇ 14, ಪೆಂಟೆಕೋಸ್ಟ್ ಮೇ 24. 2027ರಲ್ಲಿ ಮಾರ್ಚ್ 28, ಮೇ 6, ಮೇ 16.

ಕರ್ನಾಟಕದಿಂದ ಹೋಗುವವರಿಗೆ ಇದು ಒಳ್ಳೆಯ ಸುದ್ದಿ. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್-ಮೇ. ಯೂರೋಪಿನ ಕ್ಯಾಂಪ್‌ಸೈಟ್‌ಗಳಿಗೆ ಅದು ಆಫ್ ಸೀಸನ್. 2026ರಲ್ಲಾದರೆ ಏಪ್ರಿಲ್ ಮಧ್ಯದಿಂದ ಮೇ ಎರಡನೇ ವಾರದವರೆಗೆ ಕಾರ್ಡ್ ಸಲೀಸಾಗಿ ನಡೆಯುವ ಕಾಲ. ಆದರೆ ಆ ಹೊತ್ತಿಗೆ ಎಲ್ಲಿಗೆ ಹೋಗುತ್ತೀರಿ ಎನ್ನುವುದೂ ಮುಖ್ಯ. ಆಲ್ಪ್ಸ್‌ನ ಎತ್ತರದ ಘಾಟಿಗಳು ಹಲವು ಮೇ ಕೊನೆ, ಜೂನ್ ತನಕ ಹಿಮದಿಂದ ಮುಚ್ಚಿರುತ್ತವೆ. ಇಟಲಿಯ ಗಾರ್ಡಾ ಸರೋವರ, ದಕ್ಷಿಣ ಫ್ರಾನ್ಸ್, ಸ್ಪೇನಿನ ಕರಾವಳಿ, ನೆದರ್‌ಲ್ಯಾಂಡ್ಸ್‌ನ ಟ್ಯುಲಿಪ್ ಸೀಮೆ ಆಗ ಚೆನ್ನ. ಚಿತ್ರದಲ್ಲಿ ಕಾಣುವ ಈಜುಕೊಳ ಏಪ್ರಿಲ್‌ನಲ್ಲಿ ನೀರಿಲ್ಲದೆ ಖಾಲಿ ಇರಬಹುದು. ಕೊಳ, ರೆಸ್ಟೋರೆಂಟ್ ತೆರೆಯುವ ತಾರೀಖನ್ನು ಬೇರೆಯಾಗಿ ವಿಚಾರಿಸಿ.

ಜರ್ಮನಿಯಲ್ಲಿ ಕೆಲಸ ಮಾಡುತ್ತಾ, ಮಕ್ಕಳನ್ನು ಅಲ್ಲಿನ ಶಾಲೆಗೆ ಕಳಿಸುವ ಕನ್ನಡಿಗರ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಶಾಲೆಗೆ ರಜೆ ಇರುವಾಗಲೇ ಕಾರ್ಡ್‌ಗೂ ರಜೆ. ಇದಕ್ಕೆ ಒಂದು ಕಿಂಡಿ ಉಂಟು: ಬವೇರಿಯ, ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳ ಬೇಸಿಗೆ ರಜೆ ಸೆಪ್ಟೆಂಬರ್ ಎರಡನೇ ವಾರದ ಸುಮಾರಿಗೆ ಮುಗಿಯುತ್ತದೆ. ಫ್ರಾನ್ಸ್, ಇಟಲಿಯ ಎಷ್ಟೋ ಕ್ಯಾಂಪ್‌ಸೈಟ್‌ಗಳು ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲಿಗೋ ಕಾರ್ಡ್ ಸ್ವೀಕರಿಸಲು ಶುರುಮಾಡುತ್ತವೆ. ಮ್ಯೂನಿಕ್, ಸ್ಟಟ್‌ಗಾರ್ಟ್ ಕಡೆಯವರು ಆ ಕೊನೆಯ ಎರಡು ವಾರಕ್ಕೆ ರಜೆ ಹಾಕಿದರೆ ಸಮುದ್ರದ ನೀರೂ ಬೆಚ್ಚಗಿರುತ್ತದೆ, ದರವೂ ಇಳಿದಿರುತ್ತದೆ. ಬರ್ಲಿನ್‌ನವರ ರಜೆ ಹೆಚ್ಚಿನ ವರ್ಷ ಮೊದಲೇ ಮುಗಿಯುವುದರಿಂದ ಅವರಿಗೆ ಈ ಅನುಕೂಲ ಇಲ್ಲ.

ಗುರುತಿನ ಕಾರ್ಡ್‌ಗಳು

ಕ್ಯಾಂಪಿಂಗ್ ಕಾರ್ಡ್ ಇಂಟರ್‌ನ್ಯಾಷನಲ್, ಕ್ಯಾಂಪಿಂಗ್ ಕೀ ಯೂರೋಪ್, ಎಸಿಎಸ್‌ಐ ಕ್ಲಬ್ ಐಡಿ ಇವೆಲ್ಲ ಒಂದೇ ಗುಂಪು. ಹೆಸರಿನ ಸಾಮ್ಯದಿಂದ ಎಸಿಎಸ್‌ಐ ಕ್ಯಾಂಪಿಂಗ್‌ಕಾರ್ಡ್ ಬದಲು ಕ್ಲಬ್ ಐಡಿ ಕೊಂಡು ರಿಸೆಪ್ಶನ್‌ನಲ್ಲಿ ಪೇಚಾಡುವವರಿದ್ದಾರೆ. ಇವುಗಳ ಮುಖ್ಯ ಕೆಲಸ ಎರಡು. ರಿಸೆಪ್ಶನ್‌ನಲ್ಲಿ ಪಾಸ್‌ಪೋರ್ಟ್ ಒತ್ತೆ ಇಡುವ ಬದಲು ಕಾರ್ಡ್ ಇಡುವುದು, ಮತ್ತು ಕ್ಯಾಂಪ್‌ಸೈಟ್‌ನಲ್ಲಿ ನಿಮ್ಮಿಂದ ಬೇರೆಯವರಿಗೆ ಆದ ಹಾನಿಗೆ ವಿಮೆ. ಮಗುವಿನ ಚೆಂಡು ಪಕ್ಕದವರ ಕಿಟಕಿ ಒಡೆದರೆ ವಿಮೆ ಬರುತ್ತದೆ. ಗಾಡಿ ಹಿಂದಕ್ಕೆ ತೆಗೆಯುವಾಗ ಗುದ್ದಿದರೆ ಬರುವುದಿಲ್ಲ, ಅದು ವಾಹನ ವಿಮೆಯ ಪಾಲು.

ರಿಯಾಯಿತಿ ಇವುಗಳಲ್ಲಿ ಒಗ್ಗರಣೆ ಮಾತ್ರ. ಶೇಕಡಾವಾರು ಸಿಗುತ್ತದೆ, ಅದೂ ಕ್ಯಾಂಪ್‌ಸೈಟ್ ನೋಡಿಕೊಂಡು. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಗುರುತಿನ ಉಪಯೋಗವೂ ಕಡಿಮೆ. ಷೆಂಗನ್ ದೇಶಗಳಲ್ಲಿ ವಿದೇಶೀಯರು ತಂಗುವ ಕಡೆ ನೋಂದಣಿ ಫಾರಂ ತುಂಬಿ ಗುರುತು ತೋರಿಸಲೇಬೇಕು, ಹಾಗಾಗಿ ಪಾಸ್‌ಪೋರ್ಟ್ ಹೇಗೂ ಹೊರತೆಗೆಯಬೇಕಾಗುತ್ತದೆ. ಸ್ಕ್ಯಾನ್ ಮಾಡಿಕೊಂಡು ಅಲ್ಲೇ ವಾಪಸ್ ಕೊಡಿ ಎಂದು ಕೇಳಿ, ಬಹುತೇಕರು ಕೊಡುತ್ತಾರೆ. ಸ್ಕ್ಯಾಂಡಿನೇವಿಯ ಕಡೆ ಹೆಚ್ಚು ದಿನ ಇರುವವರಿಗೆ ಕ್ಯಾಂಪಿಂಗ್ ಕೀ ಉಪಯೋಗಕ್ಕೆ ಬರುತ್ತದೆ. ಉಳಿದವರು ಇದಕ್ಕೆ ದುಡ್ಡು ಹಾಕುವ ಅಗತ್ಯ ನಮಗೆ ಕಾಣುವುದಿಲ್ಲ.

ತಲೆ ಎಣಿಸದ ಎರಡು ವ್ಯವಸ್ಥೆಗಳು

ಫ್ರಾನ್ಸಿಗೆ ಮಾತ್ರ ಹೋಗುವ ಕುಟುಂಬಗಳು ಮೊದಲು ನೋಡಬೇಕಾದದ್ದು ಕ್ಯಾಂಪಿಂಗ್-ಕಾರ್ ಪಾರ್ಕ್. ಇದು ಮೋಟರ್‌ಹೋಮ್‌ಗಳಿಗೆಂದೇ ಇರುವ, ಗೇಟ್ ಹಾಕಿದ ತಂಗುದಾಣಗಳ ಜಾಲ. ಪಾಸ್ ಎತಾಪ್ ಎಂಬ ಕಾರ್ಡಿಗೆ 5 ಯೂರೋ, ಪ್ರತಿ ವರ್ಷ ನವೀಕರಿಸುವ ಗೊಡವೆ ಇಲ್ಲ. ಗೇಟಿನ ಬಳಿಯ ಯಂತ್ರದಲ್ಲೇ ಸಿಗುತ್ತದೆ. ಖಾತೆಗೆ ದುಡ್ಡು ತುಂಬಿ ಕಾರ್ಡ್ ತೋರಿಸಿದರೆ ಕಂಬ ಮೇಲೇಳುತ್ತದೆ, ಅಲ್ಲಿಂದ 24 ಗಂಟೆ ಲೆಕ್ಕ. ದರ ಊರು, ಸೀಸನ್ ನೋಡಿಕೊಂಡು 10–15 ಯೂರೋ ಆಸುಪಾಸು, ಗಾಡಿಗೆ ಇಷ್ಟು ಎಂದು. ಒಳಗೆ ಇಬ್ಬರಿದ್ದರೂ ಐವರಿದ್ದರೂ ಮೂಲ ದರ ಅಷ್ಟೇ. ನೀರು ತುಂಬಿಸುವುದು, ಕೊಳೆನೀರು, ಟಾಯ್ಲೆಟ್ ಕ್ಯಾಸೆಟ್ (ಟಾಯ್ಲೆಟ್ ಕೆಳಗಿನ, ಹೊರತೆಗೆಯುವ ಮಲದ ಪೆಟ್ಟಿಗೆ) ಖಾಲಿ ಮಾಡುವುದು ಅದರಲ್ಲೇ ಬಂತು, ಹೆಚ್ಚಿನ ಕಡೆ ಕರೆಂಟೂ ಇದೆ. ಸ್ನಾನದ ಮನೆ ಸಾಮಾನ್ಯವಾಗಿ ಇರುವುದಿಲ್ಲ, ಗಾಡಿಯದ್ದೇ ಬಳಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಜುಲೈ-ಆಗಸ್ಟಿನಲ್ಲೂ ನಡೆಯುತ್ತದೆ. ಭಾರತದ ಬ್ಯಾಂಕ್ ಕಾರ್ಡಿನಿಂದ ಖಾತೆಗೆ ದುಡ್ಡು ತುಂಬುವಾಗ ಒಟಿಪಿ ಕೇಳಬಹುದು, ನಿಮ್ಮ ಭಾರತದ ಸಿಮ್‌ಗೆ ರೋಮಿಂಗ್ ಇರಲಿ. ಗೇಟಿನ ಮುಂದೆ ನಿಂತು, ಹಿಂದೆ ನಾಲ್ಕು ಗಾಡಿ ಸಾಲುಗಟ್ಟಿದಾಗ ಒಟಿಪಿ ಬರದಿದ್ದರೆ ಬಹಳ ಕಷ್ಟ.

ಫ್ರಾನ್ಸ್ ಪ್ಯಾಸಿಯೋದ ವಾರ್ಷಿಕ ಸದಸ್ಯತ್ವ 30 ಯೂರೋಗಿಂತ ಸ್ವಲ್ಪ ಮೇಲೆ. ಇದರಲ್ಲಿ 2000ಕ್ಕೂ ಹೆಚ್ಚು ದ್ರಾಕ್ಷಿ ಬೆಳೆಗಾರರು, ಚೀಸ್ ಮಾಡುವವರು, ರೈತರು ತಮ್ಮ ಜಾಗದಲ್ಲಿ ಒಂದು ರಾತ್ರಿ ಬಿಟ್ಟಿಯಾಗಿ ಗಾಡಿ ನಿಲ್ಲಿಸಲು ಬಿಡುತ್ತಾರೆ. ಏನನ್ನಾದರೂ ಕೊಳ್ಳಲೇಬೇಕು ಎಂಬ ಕಟ್ಟುಪಾಡು ಇಲ್ಲ. ಬಂದ ಕೂಡಲೇ ಮನೆಯವರನ್ನು ಮಾತನಾಡಿಸುವುದು, ಹೊರಡುವಾಗ ಹೇಳಿ ಹೋಗುವುದು ನಿಯಮ ಮಾತ್ರವಲ್ಲ, ಮರ್ಯಾದೆ. ಟಾಯ್ಲೆಟ್, ಕೊಳೆನೀರಿನ ಟ್ಯಾಂಕ್ ಗಾಡಿಯೊಳಗೇ ಇರಬೇಕು. ಜರ್ಮನಿಯಲ್ಲಿ ಲಾಂಡ್‌ಫೆರ್ಗ್ನ್ಯೂಗನ್ ಎಂಬುದು ಇದೇ ರೀತಿಯದು. ನಮ್ಮ ಹಳ್ಳಿಗಳ ಒಡನಾಟ ಗೊತ್ತಿರುವವರಿಗೆ ಇಷ್ಟು ಒಗ್ಗುವ ವ್ಯವಸ್ಥೆ ಇನ್ನೊಂದಿಲ್ಲ.

ಇದರ ಮಿತಿ ಟ್ಯಾಂಕಿನದು. ಕ್ಯಾಸೆಟ್ ಹಿಡಿಯುವುದು 18–20 ಲೀಟರ್, ಇಬ್ಬರಿಗೆ ಎರಡು ಮೂರು ದಿನ. ಸಿಹಿನೀರು ನೂರು ಚಿಲ್ಲರೆ ಲೀಟರ್. ಆದ್ದರಿಂದ ಎರಡು ರಾತ್ರಿ ರೈತರ ಅಂಗಳ, ಮೂರನೇ ರಾತ್ರಿ ಕ್ಯಾಂಪ್‌ಸೈಟ್ ಎಂಬ ಸರದಿ ಹಿಡಿದರೆ ಎಲ್ಲವೂ ಸರಿತೂಗುತ್ತದೆ. ಆ ಮೂರನೇ ರಾತ್ರಿ ಬಟ್ಟೆ ಒಗೆದು, ಬ್ಯಾಟರಿ ತುಂಬಿಸಿ, ಟ್ಯಾಂಕ್ ಖಾಲಿ ಮಾಡಿಕೊಂಡು ಹೊರಡಬಹುದು. ಎರಡು ವಾರದ ಪ್ರವಾಸದಲ್ಲಿ ಹೀಗೆ ಕ್ಯಾಂಪ್‌ಸೈಟ್‌ನಲ್ಲಿ ಕಳೆಯುವುದು ನಾಲ್ಕೈದು ರಾತ್ರಿ. ಅಷ್ಟಕ್ಕೆ ಎಸಿಎಸ್‌ಐ ಕಾರ್ಡ್ ಕೊಳ್ಳಬೇಕೋ ಬೇಡವೋ ಎನ್ನುವುದು ಅಂಚಿನ ಲೆಕ್ಕ. ಫ್ರಾನ್ಸಿನ ಊರ ಪುರಸಭೆಗಳೇ ನಡೆಸುವ ಕ್ಯಾಂಪ್‌ಸೈಟ್‌ಗಳು ಎಷ್ಟೋ ಸಲ ಕಾರ್ಡ್ ದರಕ್ಕಿಂತ ಅಗ್ಗ, ನಾವಂತೂ ಅಲ್ಲಿ ಅವನ್ನೇ ಆರಿಸುತ್ತೇವೆ.

ಕೌಂಟರ್‌ನಲ್ಲಿ

ಎಸಿಎಸ್‌ಐ ಕಾರ್ಡನ್ನು ಬಂದಾಗಲೇ ತೋರಿಸಿ. ಬಿಲ್ ಆದ ಮೇಲೆ ತೋರಿಸಿದರೆ ಒಪ್ಪಬೇಕೆಂದೇನೂ ಇಲ್ಲ. ಕಾರ್ಡ್ ಯಾರ ಹೆಸರಿನಲ್ಲಿದೆಯೋ ಅವರೇ ಇರಬೇಕು, ಸ್ನೇಹಿತರದ್ದನ್ನು ಎರವಲು ತರುವಂತಿಲ್ಲ. ಕಾರ್ಡ್ ದರಕ್ಕೆ ಸಿಗುವುದು ಸಾಮಾನ್ಯ ಪಿಚ್ (ಗಾಡಿ ನಿಲ್ಲಿಸುವ ಜಾಗ), ಸರೋವರದ ದಡದ್ದು ಅಥವಾ ದೊಡ್ಡದು ಬೇಕೆಂದರೆ ಮೇಲುದುಡ್ಡು. 7 ಮೀಟರ್ ಮೀರಿದ ಗಾಡಿಯಾದರೆ ಅದು ಹಿಡಿಸುವ ಸಾಮಾನ್ಯ ಪಿಚ್ ಉಂಟೇ ಎಂದು ಮೊದಲೇ ಕೇಳಿ. ಮುಂಗಡ ಬುಕಿಂಗ್‌ಗೆ ಬೇರೆ ಶುಲ್ಕ ಹಾಕುವವರಿದ್ದಾರೆ, ಆಫ್ ಸೀಸನ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ ನೇರ ಹೋದರೆ ಸಾಮಾನ್ಯವಾಗಿ ಜಾಗ ಸಿಗುತ್ತದೆ.

ಕಾರ್ಡ್ ಅಂಚೆಯಲ್ಲಿ ಬರುವುದಾದರೆ ಭಾರತದ ವಿಳಾಸಕ್ಕಿಂತ ಯೂರೋಪಿನಲ್ಲಿರುವ ನೆಂಟರ, ಸ್ನೇಹಿತರ ವಿಳಾಸ ಕೊಡುವುದು ವಾಸಿ. ಇದು ಕ್ಯಾಲೆಂಡರ್ ವರ್ಷದ ಕಾರ್ಡ್, ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ನವೆಂಬರ್‌ನಿಂದ ಫೆಬ್ರವರಿ ತನಕ ಸ್ಪೇನಿನಲ್ಲಿ ಇರುವವರಿಗೆ ಎರಡು ಕಾರ್ಡ್ ಬೇಕಾಗುತ್ತದೆ. ಅಷ್ಟು ದಿನ ಇರುವುದಾದರೆ ಕಾರ್ಡ್ ಪಕ್ಕಕ್ಕಿಟ್ಟು ತಿಂಗಳ ದರ ಎಷ್ಟು ಎಂದು ಕೇಳಿ, ಚಳಿಗಾಲದಲ್ಲಿ ಅಲ್ಲಿನ ಹಲವು ಕ್ಯಾಂಪ್‌ಸೈಟ್‌ಗಳು ಕಾರ್ಡಿಗಿಂತ ಕಡಿಮೆಗೆ ಕೊಡುತ್ತವೆ.