ಸಂಗೀತ ಬಳಗದ ಮೆಂಬರ್‌ಶಿಪ್ ಸೈಟ್‌ಗೆ ವರ್ಡ್‌ಪ್ರೆಸ್ಸಾ, ಜೂಮ್ಲಾನಾ, ಡ್ರೂಪಲ್ಲಾ?

ಮೂರೂ ವೆಬ್‌ಸೈಟ್ ಕಟ್ಟೋಕೆ ಬಳಸೋ ಫ್ರೀ ಸಾಫ್ಟ್‌ವೇರ್‌ಗಳು. ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಡ್ರೂಪಲ್‌ಗೆ. ದುಡ್ಡು ಕಟ್ಟಿದವರಿಗೆ ಮಾತ್ರ ಫೈಲ್ ಕೊಡೋ ಸೈಟ್ ಆದ್ರೆ ಬೇರೇದರ ತಂಟೆಗೇ ಹೋಗ್ಬೇಡಿ.

ನಮ್ದು ಮೈಸೂರಲ್ಲಿ, ಸರಸ್ವತಿಪುರಂ ಕಡೆ ಒಂದು ಸಣ್ಣ ಸಂಗೀತ ಬಳಗ. ವರ್ಷದ ಚಂದಾ ಕಟ್ಟಿದವರಿಗೆ ನಮ್ಮ ಮೇಷ್ಟ್ರು ಕೂತು ಸ್ವರ ಹಾಕಿ ಬರೆದ ನೊಟೇಶನ್ ಪಿಡಿಎಫ್ ಸಿಗುತ್ತೆ, ಹೆಚ್ಚಿನವು ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರ ಕೃತಿಗಳದ್ದು. ಮೊದಲು ವರ್ಡ್‌ಪ್ರೆಸ್ ಹಾಕಿ, ಡಾಲರ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಒಂದು ಮೆಂಬರ್‌ಶಿಪ್ ಪ್ಲಗಿನ್ನೂ (ವರ್ಡ್‌ಪ್ರೆಸ್‌ಗೆ ಸೇರಿಸೋ ಹೆಚ್ಚುವರಿ ತುಣುಕು) ತಗೊಂಡ್ವಿ. ಲಾಗಿನ್ ಆಗದೇ ಪೇಜ್ ತೆಗೆದ್ರೆ ‘ಸದಸ್ಯರಿಗೆ ಮಾತ್ರ’ ಅಂತ ಬರ್ತಿತ್ತು, ಎಲ್ಲಾ ಸರಿಯಾಗೇ ಇದೆ ಅನ್ನಿಸ್ತಿತ್ತು.

ಒಂದಿನ ಚಂದಾನೇ ಕಟ್ಟದ ಒಬ್ರು ವಾಟ್ಸಾಪಲ್ಲಿ ಬಂದ ಲಿಂಕ್ ಒತ್ತಿ ನಮ್ಮ ಪಿಡಿಎಫ್ ತೆಗೆದು ತೋರಿಸಿದ್ರು. ಪಾಸ್‌ವರ್ಡ್ ಏನೂ ಕೇಳ್ಲಿಲ್ಲ, ಸೀದಾ ಓಪನ್! ವಿಷಯ ಏನಂದ್ರೆ ವರ್ಡ್‌ಪ್ರೆಸ್‌ಗೆ ಹಾಕಿದ ಫೈಲೆಲ್ಲಾ ಅಪ್‌ಲೋಡ್ಸ್ ಅನ್ನೋ ಫೋಲ್ಡರ್‌ಗೆ ವರ್ಷ, ತಿಂಗಳ ಪ್ರಕಾರ ಹೋಗಿ ಕೂರುತ್ತೆ, ಆ ಫೋಲ್ಡರ್ ಸೈಟ್ ಒಳಗೇ ಇರೋದ್ರಿಂದ ವಿಳಾಸ ಗೊತ್ತಿದ್ದವರಿಗೆ ಸರ್ವರ್ರೇ ಫೈಲ್ ಕೊಟ್ಬಿಡುತ್ತೆ, ವರ್ಡ್‌ಪ್ರೆಸ್‌ನ ಒಂದು ಮಾತೂ ಕೇಳಲ್ಲ. ಪ್ಲಗಿನ್ ಕಾಯ್ತಾ ಇದ್ದಿದ್ದು ಪೇಜನ್ನ, ಫೈಲನ್ನಲ್ಲ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆಗೆದಿಟ್ಟ ಹಾಗೆ.

ಸರ್ವರ್‌ಗೆ ನಿಯಮ ಹೇಳೋ ಎಚ್‌ಟಿಆಕ್ಸೆಸ್ ಫೈಲಲ್ಲಿ ಸಾಲು ಸೇರಿಸಿ ತಡೀಬಹುದು, ಎಷ್ಟೋ ಜನ ಹಾಗೇ ಮಾಡ್ತಾರೆ. ಆದ್ರೆ ಅದನ್ನ ಅಪಾಚೆ ಅನ್ನೋ ಸರ್ವರ್ ಸಾಫ್ಟ್‌ವೇರ್ ಓದುತ್ತೆ, ಎಂಜಿನ್‌ಎಕ್ಸ್ ಅನ್ನೋದು ಓದಲ್ಲ, ನಾಳೆ ಹೋಸ್ಟಿಂಗ್ ಬದಲಾದ್ರೆ ಗೊತ್ತೇ ಆಗದ ಹಾಗೆ ಮತ್ತೆ ಎಲ್ಲಾ ಬಯಲು. ವಾಸುದೇವಾಚಾರ್ಯರು 1961ರಲ್ಲಿ ತೀರಿಹೋದ್ರು, ಕೃತಿ ಯಾರು ಬೇಕಾದ್ರೂ ಹಾಡ್ಲಿ, ಆದ್ರೆ ಗಮಕದ ಗುರುತು ಸಮೇತ ಬರೆದ ಶ್ರಮ ಮೇಷ್ಟ್ರದು. ಫೈಲ್ ಹೀಗೆ ಬಯಲಾಗಿದೆ ಅಂತ ಅವರಿಗೆ ಹೇಳೋಕೇ ನನಗೆ ಸಂಕಟ ಆಯ್ತು.

ಡ್ರೂಪಲಲ್ಲಿ ಸೈಟ್ ಫೋಲ್ಡರ್ ಹೊರಗಡೆ ಒಂದು ಫೋಲ್ಡರ್ ಮಾಡಿ, ಸೆಟ್ಟಿಂಗ್ಸ್ ಫೈಲಲ್ಲಿ ಅದರ ದಾರಿ ಬರೆದ್ರೆ ಪ್ರೈವೇಟ್ ಫೈಲ್ಸ್ ರೆಡಿ, ಏನೂ ಕೊಳ್ಳಬೇಕಾಗಿಲ್ಲ. ಆಮೇಲೆ ಪ್ರತಿ ಡೌನ್‌ಲೋಡೂ ಡ್ರೂಪಲ್‌ನ ಕೇಳ್ಕೊಂಡೇ ಹೋಗ್ಬೇಕು. ಯಾವ ರೋಲ್‌ಗೆ (ಅಂದ್ರೆ ಯಾವ ಗುಂಪಿನ ಬಳಕೆದಾರರಿಗೆ) ಯಾವ ಪೋಸ್ಟ್ ಅಂತ ಹೇಳೋಕೆ ಕಂಟೆಂಟ್ ಆಕ್ಸೆಸ್ ಅನ್ನೋ ಫ್ರೀ ಮಾಡ್ಯೂಲ್ (ಡ್ರೂಪಲ್‌ನ ಪ್ಲಗಿನ್) ಹಾಕ್ಕೊಂಡೆ. ಲಾಗೌಟ್ ಆಗಿ ಪಿಡಿಎಫ್ ಲಿಂಕ್ ಒತ್ತಿದ್ರೆ ಆಕ್ಸೆಸ್ ಡಿನೈಡ್. ಆ ಎರಡು ಪದ ನೋಡಿ ಎಷ್ಟು ನೆಮ್ಮದಿ ಆಯ್ತು ಅಂತೀರಿ!

ಜೂಮ್ಲಾ ಕೆಟ್ಟದ್ದಲ್ಲ, ಯಾರು ಏನು ನೋಡಬಹುದು ಅನ್ನೋ ಆಕ್ಸೆಸ್ ಲೆವೆಲ್ ಬೇಕಾದ ಹಾಗೆ ಮಾಡ್ಕೊಳ್ಳೋದು 2011ರಲ್ಲಿ ಬಂದ 1.6 ವರ್ಷನ್‌ನಿಂದ ಒಳಗೇ ಇದೆ, ಆದ್ರೆ ಮಾಮೂಲಿಯಾಗಿ ಮೀಡಿಯಾದಲ್ಲಿ ಹಾಕಿದ ಫೈಲಿನ ಕಥೆ ಅಲ್ಲೂ ಇದೇ. ತಿಂಗಳ ಬಾಡಿಗೆಯ ರೆಡಿಮೇಡ್ ಪ್ಲಾಟ್‌ಫಾರ್ಮ್ ನಮ್ಮ ಚಂದಾ ದುಡ್ಡಲ್ಲಿ ಗಿಟ್ಟಲ್ಲ.

ಪೇಮೆಂಟ್‌ಗೆ ವರ್ಡ್‌ಪ್ರೆಸ್ಸೇ ಮುಂದೆ, ಆಟೋ ರಿನ್ಯೂವಲ್ ಪ್ಲಗಿನ್ ಬೇಕಾದಷ್ಟಿವೆ. ಆದ್ರೆ 2021ರ ಅಕ್ಟೋಬರ್‌ನಿಂದ ಆರ್‌ಬಿಐ ರೂಲ್ ಪ್ರಕಾರ ಕಾರ್ಡಿಂದ ಹಾಗೆ ಕಡಿತ ಆಗೋಕೆ ಮೊದಲು ಗ್ರಾಹಕರ ಒಪ್ಪಿಗೆ ನೋಂದಣಿ ಆಗ್ಬೇಕು, ಪ್ರತಿ ಸಲ ಕನಿಷ್ಠ 24 ಗಂಟೆ ಮುಂಚೆ ಮೆಸೇಜ್ ಹೋಗ್ಬೇಕು, ನಮ್ಮ ಹಿರಿಯ ಸದಸ್ಯರಿಗೆ ಇದನ್ನೆಲ್ಲಾ ವಿವರಿಸೋದು ಬೇಡ ಅಂತ ಬಿಟ್ವಿ. ಅವರು ಕಛೇರಿ ದಿನ ಖಜಾಂಚಿ ಕೈಗೆ ಕ್ಯಾಶ್ ಕೊಡ್ತಾರೆ, ಇಲ್ಲಾ ಯುಪಿಐ ಮಾಡ್ತಾರೆ, ನಾನು ರಾತ್ರಿ ಕೂತು ಅವರ ಹೆಸರಿಗೆ ‘ಸದಸ್ಯ’ ರೋಲ್ ಟಿಕ್ ಮಾಡ್ತೀನಿ, ಅಷ್ಟೇ.

ಡ್ರೂಪಲ್ ಕಷ್ಟ ಅಂತಾರೆ, ಹೌದು ಕಷ್ಟಾನೇ. ಮಾಡ್ಯೂಲ್ ಹಾಕೋಕೆ, ಅಪ್‌ಡೇಟ್ ಮಾಡೋಕೆ ಬಳಸೋ ಕಂಪೋಸರ್ ಅನ್ನೋ ಟೂಲ್ ಕಲೀಬೇಕು, ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಕಮಾಂಡ್ ಕೊಡೋ ದಾರಿ) ಇಲ್ಲದ ಅಗ್ಗದ ಹೋಸ್ಟಿಂಗಲ್ಲಿ ಅಪ್‌ಡೇಟ್ ಮಾಡೋದು ತಲೆನೋವು. ಬರೀ ಲೇಖನ ಓದಿಸೋ ಸೈಟಾದ್ರೆ ವರ್ಡ್‌ಪ್ರೆಸ್ ಸಾಕು.

ಡ್ರೂಪಲ್ ಹಾಕೋದೇ ಆದ್ರೆ ಪೋಸ್ಟಲ್ಲಿ ಫೈಲ್ ಸೇರಿಸೋ ಜಾಗ, ಅಂದ್ರೆ ಫೈಲ್ ಫೀಲ್ಡ್ ಮಾಡೋವಾಗ್ಲೇ ಪ್ರೈವೇಟ್ ಅಂತ ಆರಿಸಿ, ಒಂದು ಫೈಲ್ ಒಳಗೆ ಹೋದ್ಮೇಲೆ ಅದನ್ನ ಬದಲಾಯ್ಸೋಕೆ ಬಿಡಲ್ಲ. ಬ್ಯಾಕಪ್ ತಗೊಳ್ಳೋವಾಗ ಆ ಹೊರಗಿನ ಫೋಲ್ಡರನ್ನ ಬೇರೆಯಾಗೇ ತಗೊಳ್ಳಿ, ಸೈಟ್ ಫೋಲ್ಡರ್ ಜಿಪ್ ಮಾಡಿದ್ರೆ ಅದರಲ್ಲಿ ಬರಲ್ಲ.